ನಾಲ್ಕನೇ ಅಡ್ಡರಸ್ತೆಗೆ ಅಡ್ಡ ನಿಂತ ವ್ಯಾನು

ನಾನು ಒಂದು ವ್ಯಾನು. ಬಿಳಿ ಬಣ್ಣ, ಎತ್ತರದ ಛಾವಣಿ, ಪಕ್ಕಕ್ಕೆ ಸರಿಯುವ ಒಂದು ಬಾಗಿಲು, ಹಿಂದೆ ಮೇಲಕ್ಕೆ ಎತ್ತುವ ಇನ್ನೊಂದು ಬಾಗಿಲು. ನಾಚಿಕೆಯಾದರೂ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೆದರುಪುಕ್ಕಲ. ರಸ್ತೆಯಲ್ಲಿ ಓಡಲೆಂದೇ ಹುಟ್ಟಿದ ಗಾಡಿ ರಸ್ತೆಗೇ ಹೆದರುತ್ತದೆ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ನಾನೂ ನನ್ನಂಥವರೂ ಸಾಲಾಗಿ ನಿಂತಿದ್ದೆವು. ಕೆಲಸದವರಲ್ಲಿ ಒಬ್ಬರು ಬಾಗಿಲು ಜೋಡಿಸುತ್ತಿದ್ದರು, ಒಬ್ಬರು ಗಾಜು ಕೂರಿಸುತ್ತಿದ್ದರು. ಕಣ್ಣು ಬಂದದ್ದು ಮುಂದೆ ಮಾತ್ರ. ಹಿಂದೇನಿದೆ ಎಂದು ತಿಳಿಯಲು ಅಕ್ಕಪಕ್ಕ ಎರಡು ಕನ್ನಡಿ ಕೊಟ್ಟರು. ಕನ್ನಡಿಯಲ್ಲಿ ಕಾಣುವುದು ಪಕ್ಕದ ಗೋಡೆ, ಚರಂಡಿ, ಓಡಿಹೋಗುವ ನಾಯಿಯ ಬಾಲ. ನನ್ನ ಬೆನ್ನಿಗೆ ಸರಿಯಾಗಿ ಅಂಟಿಕೊಂಡು ಯಾರಾದರೂ ನಿಂತರೆ ನನಗೆ ಕಾಣುವುದೇ ಇಲ್ಲ.

ಮೊದಲ ಯಜಮಾನರು ತುಮಕೂರಿನ ಮೊಟ್ಟೆ ವ್ಯಾಪಾರಿ ಕೆಂಪರಾಜಪ್ಪ. ಸುತ್ತಲಿನ ಕೋಳಿ ಫಾರಂಗಳಿಂದ ಟ್ರೇಗಟ್ಟಲೆ ಮೊಟ್ಟೆ ತಂದು ಅಂಗಡಿಗಳಿಗೆ ಹಾಕುವುದು ನಮ್ಮ ಕೆಲಸ. ಡ್ರೈವರ್ ಪಕ್ಕದಲ್ಲಿ ಕೂತು ಅವರು ದಾರಿಯುದ್ದಕ್ಕೂ "ಗುಂಡಿ ಕಣೋ! ಮುಂದೆ ಗುಂಡಿ!" ಎಂದು ಕೂಗುತ್ತಲೇ ಇರುತ್ತಿದ್ದರು. ಒಳಗೆಲ್ಲೋ 'ಚಟ್' ಎಂದರೆ ಸಾಕು, ನನ್ನ ಎದೆ ಹಾರಿಹೋಗುತ್ತಿತ್ತು. ಒಂದು ಬೆಳಿಗ್ಗೆ ಹಂಪ್ ಹಾರಿದ್ದಕ್ಕೆ ಎರಡು ಟ್ರೇ ಒಡೆದು ಲೋಳೆ ನನ್ನ ನೆಲದ ಮೇಲೆಲ್ಲ ಹರಿಯಿತು. ನನ್ನೊಳಗೆ ಇರುವುದೆಲ್ಲ ಒಡೆಯುವಂಥದ್ದೇ ಎಂದು ಅಂದೇ ಮನಸ್ಸಿಗೆ ಬಂತು. ಆರು ವರ್ಷವಾದ ಮೇಲೆ ಕೆಂಪರಾಜಪ್ಪ ದೊಡ್ಡ ಗಾಡಿ ಕೊಂಡು ನನ್ನನ್ನು ಮಾರಿದರು.

ಕೊಂಡದ್ದು ಒಂದು ಶಾಲೆ. ನಡೆಯಲಾರದ, ಮಾತಾಡಲಾರದ ಮಕ್ಕಳು ಕಲಿಯುವ ಶಾಲೆ. ಮೂರು ದಿನ ಸೋಪಿನ ನೀರು ಹಾಕಿ ತೊಳೆದರೂ ಮೊಟ್ಟೆಯ ವಾಸನೆ ಹೋಗಲಿಲ್ಲವೆಂದು ಆಯಾ ಸಾಕಮ್ಮ ಮೂಗು ಮುಚ್ಚಿಕೊಂಡು ಬೈದರು. ಆಮೇಲೆ ವೆಲ್ಡಿಂಗ್ ಅಂಗಡಿಗೆ ಕಳಿಸಿದರು. ಹಿಂದಿನ ಸೀಟುಗಳನ್ನು ಕಿತ್ತರು. ಗಾಲಿಕುರ್ಚಿ ಅಲುಗಾಡದಂತೆ ಕಟ್ಟಲು ನೆಲಕ್ಕೆ ಬೆಲ್ಟು ಹಾಕಿದರು. ಹಿಂದಿನ ಬಾಗಿಲಿಗೆ ಎರಡು ಮಡಿಕೆಯ ಕಬ್ಬಿಣದ ರ‍್ಯಾಂಪ್ ಕೂರಿಸಿದರು. ಬಿಚ್ಚಿ ನೆಲಕ್ಕೆ ಇಳಿಬಿಟ್ಟರೆ ಅದು ನಾಲಿಗೆ ಚಾಚಿದ ಹಾಗೆ ರಸ್ತೆಗೆ ಮುಟ್ಟುತ್ತಿತ್ತು. ನನ್ನ ದೇಹದಲ್ಲಿ ನನಗೆ ಕಾಣದ ಜಾಗದಲ್ಲೇ ಇನ್ನು ಮೇಲೆ ಎಲ್ಲ ನಡೆಯುತ್ತದೆ ಎಂದು ಗೊತ್ತಾದಾಗ ಮನಸ್ಸು ಕುಸಿಯಿತು.

ಡ್ರೈವರ್ ಇನಾಯತ್‌ಗೆ ಐವತ್ತು ದಾಟಿತ್ತು. ಬಹಳ ವರ್ಷ ಆಟೋ ಓಡಿಸಿದ್ದವನು. ಅವನದೊಂದು ನೇಮವಿತ್ತು. ಮಗುವನ್ನು ಒಳಗೆ ಸೇರಿಸಿ, ಬೆಲ್ಟು ಕಟ್ಟಿ, ರ‍್ಯಾಂಪ್ ಮಡಚಿ, ಬಾಗಿಲು ಹಾಕಿಕೊಂಡ ಮೇಲೆ ಸಾಕಮ್ಮ ಒಳಗಿನಿಂದ ಗಾಜಿಗೆ ಎರಡು ಸಲ ತಟ್ಟಬೇಕು. ಅಲ್ಲಿಯವರೆಗೆ ಅವನು ಗೇರಿಗೆ ಕೈ ಹಾಕುತ್ತಿರಲಿಲ್ಲ.

"ಬಾಯಲ್ಲಿ ಹೇಳಿದ್ರೆ ಸಾಲ್ದೇನಪ್ಪ?" ಎಂದು ಸಾಕಮ್ಮ ಕೇಳಿದ್ದರು.

"ಬಾಯಿಮಾತು ಬೇಡ ಸಾಕಮ್ಮ. ಗಲಾಟೇಲಿ ಒಂದ್ ಹೇಳಿದ್ರೆ ಒಂದ್ ಕೇಳ್ಸುತ್ತೆ. ನೀನು ತಟ್ಟು, ನಾನು ಹೊರಡ್ತೀನಿ."

ನನಗೆ ಅವನ ಮೇಲೆ ತುಂಬ ಭರವಸೆ. ಅವನು ನನ್ನ ಬೆನ್ನಿಗೊಂದು ಕಣ್ಣು ಇಟ್ಟುಕೊಟ್ಟಿದ್ದ.

ನಮ್ಮ ದಾರಿಯಲ್ಲಿ ಮೂರನೆಯ ಮನೆ ಮೋನಿಷಾಳದು. ನಾಲ್ಕನೇ ಅಡ್ಡರಸ್ತೆ. ಎಲ್ಲರೂ ಅವಳನ್ನು ಮೋನಿ ಅನ್ನುತ್ತಿದ್ದರು. ಒಂಬತ್ತು ವರ್ಷ, ಎರಡು ಜಡೆ, ಕಡ್ಡಿಯಂಥ ಕೈಕಾಲು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟು ಬಿದ್ದಿತ್ತಂತೆ. ಕಾಲು ನಡೆಯುವುದಿಲ್ಲ, ಬಾಯಲ್ಲಿ 'ಹ್ಞೂ', 'ಉಹ್ಞೂ' ಎರಡೇ. ಅಮ್ಮ ವಿನುತಾ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅಪ್ಪ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಟುಬಿಡುತ್ತಾನೆ.

ಶಾಲೆಗೆ ಸೇರುವ ತನಕ ಮಗಳಿಗೆ ನೀರು ಬೇಕೋ, ಹೊಟ್ಟೆ ನೋಯುತ್ತಿದೆಯೋ, ಸುಮ್ಮನೆ ಬೇಜಾರೋ ಎಂದು ವಿನುತಾ ಊಹೆ ಮಾಡುತ್ತ ಬದುಕಿದ್ದಳು. ಶಾಲೆಯಲ್ಲಿ ಮೋನಿಗೆ ಚಿತ್ರಗಳ ಹಲಗೆಯೊಂದನ್ನು ಕೊಟ್ಟರು. ಲೋಟ, ಹಾಸಿಗೆ, ಸೂರ್ಯ, ಅಳುವ ಮುಖ, ಅಮ್ಮ. ಬೇಕಾದ ಚಿತ್ರದ ಮೇಲೆ ಅವಳು ಮುಷ್ಟಿ ಊರಬೇಕು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಮನೆಗೆ ಹೋಗುವ ದಾರಿಯಲ್ಲಿ, ನನ್ನೊಳಗೇ ಅವಳು ತಾನಾಗಿ ಮುಷ್ಟಿ ಎತ್ತಿ ಹಲಗೆಯ ಮೇಲೆ ಇಟ್ಟಳು. ಅಮ್ಮನ ಚಿತ್ರ. ಆಮೇಲೆ ಸೂರ್ಯ.

"ಅಮ್ಮಂಗೆ ಬಿಸ್ಲು ಅಂತಾಳೆ ಕಣಪ್ಪ!" ಎಂದು ಸಾಕಮ್ಮ ಕಿರುಚಿದರು. ಮನೆ ತಲುಪಿ ನೋಡಿದರೆ ನಿಜವಾಗಿಯೂ ವಿನುತಾ ಗೇಟಿನ ಮುಂದೆ, ಬಿಸಿಲಲ್ಲಿ ಕಾಯುತ್ತ ನಿಂತಿದ್ದಳು. ಇನಾಯತ್ ಕಣ್ಣೊರೆಸಿಕೊಂಡ. ಆ ಹಲಗೆ ತುಂಬುವವರೆಗೆ ಈ ಮಗುವನ್ನು ದಿನವೂ ಶಾಲೆಗೆ ಮುಟ್ಟಿಸಬೇಕು, ಮತ್ತೇನೂ ಬೇಡ ಎಂದು ನನಗೆ ಅವತ್ತು ಅನ್ನಿಸಿತು. ಅನ್ನಿಸಿದ ಕೂಡಲೇ ಭಯವೂ ಆಯಿತು. ಬೇಕು ಎಂದುಕೊಂಡದ್ದಕ್ಕೆಲ್ಲ ನನಗೆ ಭಯ.

ಭಯಕ್ಕೆ ಕಾರಣ ಆ ರಸ್ತೆ. ಒಂದೇ ಬಾಯಿ, ಆ ಕಡೆ ಗೋಡೆ. ಎರಡು ಬದಿಯ ಮನೆಯವರೂ ತಮ್ಮ ಕಾರು ಹತ್ತಿಸಲು ರಸ್ತೆಗೇ ಎರಡೆರಡು ಅಡಿ ಕಾಂಕ್ರೀಟು ಚಾಚಿಕೊಂಡಿದ್ದರು. ಅದರ ನಡುವೆ ನಾನು ಹಿಮ್ಮುಖವಾಗಿ ಒಳಗೆ ಹೋಗಬೇಕು. ಮೋನಿಯ ಮನೆಯ ಮುಂದೆ ನಿಂತೆನೆಂದರೆ ಆಚೆ ಈಚೆ ಸೈಕಲ್ಲೂ ನುಸುಳುವುದಿಲ್ಲ. ರ‍್ಯಾಂಪ್ ರಸ್ತೆಯ ಒಳಮುಖಕ್ಕೆ ಬಿಚ್ಚಿಕೊಳ್ಳುತ್ತದೆ. ಅದೇ ಹೊತ್ತಿಗೆ ರಸ್ತೆಯ ತುದಿಯ ಮನೆಯಿಂದ ಜಯದೇವ ಅವರ ಬೂದು ಬಣ್ಣದ ಕಾರು ಹೊರಡುತ್ತದೆ. ಅಂದರೆ ಮಗು ರ‍್ಯಾಂಪಿನ ಮೇಲೆ ಇರುವಾಗ ಅದರ ಬೆನ್ನಿಗೆ ಸರಿಯಾಗಿ ಆ ಕಾರಿನ ಮೂತಿ.

ಜಯದೇವ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದರು. ಎಂಟೂವರೆಗೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತದಿದ್ದರೆ ತಡ. ತಿಂಗಳಿಗೆ ಮೂರು ತಡವಾದರೆ ಅರ್ಧ ದಿನದ ರಜೆ ಕಟ್. ಕೆಟ್ಟವರೇನಲ್ಲ. ಆದರೆ ಗಡಿಯಾರ ನೋಡಿದ ಕೂಡಲೇ ಅವರ ಕೈ ಹಾರ್ನಿನ ಮೇಲೆ ಹೋಗುತ್ತಿತ್ತು.

ಆ ಸದ್ದಿಗೆ ಮೋನಿ ಬೆಚ್ಚುತ್ತಿದ್ದಳು. ನಾವೆಲ್ಲ ಬೆಚ್ಚಿದಂತಲ್ಲ. ಇಡೀ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಟ್ಟಿಗೆಯಾಗುತ್ತಿತ್ತು. ಕಾಲು ನೆಟ್ಟಗಾಗಿ ಕುರ್ಚಿಯ ಪಾದದ ಹಲಗೆಯಿಂದ ಆಚೆ ಚಾಚಿಕೊಳ್ಳುತ್ತಿತ್ತು. ಒತ್ತಿ ಮಡಚಿದರೆ ಮುರಿದೇಹೋಗುತ್ತದೆ. ಸವರಿ, ಮಾತಾಡಿಸಿ, ಅದು ತಾನಾಗಿ ಸಡಿಲವಾಗುವ ತನಕ ಕಾಯಬೇಕು. ಸಡಿಲವಾಗುತ್ತ ಬಂತು ಅನ್ನುವಾಗ ಮತ್ತೊಂದು ಹಾರ್ನು. ಮತ್ತೆ ಮೊದಲಿನಿಂದ.

"ಏನ್ರೀ ಇದು, ದಿನಾ ಇದೇ ಗೋಳು! ಮದುವೆ ದಿಬ್ಬಣ ಹೊರಡಿಸ್ತಿದೀರಾ?" ಎಂದು ಜಯದೇವ ಕಿಟಕಿಯಿಂದ ಕೂಗುತ್ತಿದ್ದರು.

"ಒಂದ್ನಿಮಿಷ ಅಣ್ಣ, ಹತ್ತಿಸಿಬಿಟ್ವಿ," ಎಂದು ವಿನುತಾ ತಲೆ ಎತ್ತದೆ ಹೇಳುತ್ತಿದ್ದಳು.

"ನಿಮ್ಮ ಒಂದ್ನಿಮಿಷಕ್ಕೆ ಎಷ್ಟು ಸೆಕೆಂಡಮ್ಮ?"

"ಸಾರ್, ನಿಮ್ ಕಾರಿನ ಬಾಯಿ ಮುಚ್ಸಿ. ನಮ್ ಮಗಿನ ಕಾಲು ತಾನೇ ಬಿಚ್ಕೊತದೆ," ಎಂದು ಸಾಕಮ್ಮ ಗೊಣಗಿದರೆ ಅದು ಮುಂದಿನ ಹಾರ್ನಿನಲ್ಲಿ ಮುಳುಗಿಹೋಗುತ್ತಿತ್ತು.

ರಸ್ತೆಯವರೆಲ್ಲ ನನಗೆ ಒಂದು ಹೆಸರಿಟ್ಟರು. ಅಡ್ಡಗಾಡಿ. "ಅಡ್ಡಗಾಡಿ ಬಂತು, ಸ್ಕೂಟರ್ ತೆಗೀರಿ ಬೇಗ," "ಅಡ್ಡಗಾಡಿ ಹೋಗೋವರ್ಗೂ ಹಾಲಿನವನೂ ಬರಂಗಿಲ್ಲ." ಮೊದಲು ನಗುತ್ತ ಕರೆದರು. ಆಮೇಲೆ ನಗು ಹೋಯಿತು, ಹೆಸರು ಉಳಿಯಿತು. ಒಬ್ಬರು ನನ್ನ ಬಾನೆಟ್ಟಿಗೆ ಅಂಗೈಯಲ್ಲಿ ಗುದ್ದಿದರು. ಒಂದು ಬೆಳಿಗ್ಗೆ ಮೋನಿಯ ಗೇಟಿನ ಮುಂದೆ ಒಡೆದ ಟ್ಯೂಬ್‌ಲೈಟಿನ ಚೂರು ಹರಡಿತ್ತು, ಸರಿಯಾಗಿ ನನ್ನ ಹಿಂದಿನ ಚಕ್ರ ಬರುವ ಜಾಗದಲ್ಲಿ. ಯಾರು ಹಾಕಿದರು ಎಂದು ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ವಿನುತಾ ನಾನು ಬರುವ ಮೊದಲೇ ಎದ್ದು ರಸ್ತೆ ಗುಡಿಸಿಟ್ಟಿರುತ್ತಿದ್ದಳು. ನನಗೆ ಎಲ್ಲ ಕಿಟಕಿಗಳ ಹಿಂದೆಯೂ ಯಾರೋ ನಿಂತ ಹಾಗೆ ಕಾಣತೊಡಗಿತು. ರಸ್ತೆಯ ತಿರುವು ಹತ್ತಿರವಾದಂತೆ ನನ್ನ ಎಂಜಿನ್ನಿನ ಸದ್ದೇ ಬದಲಾಗುತ್ತಿತ್ತು. "ಇದೇ ತಿರುವಿನಲ್ಲಿ ಯಾಕೆ ನಡುಗ್ತೀಯ?" ಎಂದು ನನ್ನನ್ನು ಕೇಳಿ ಇನಾಯತ್ ಮೆಕ್ಯಾನಿಕ್‌ಗೆ ತೋರಿಸಿದ. ಅವನು ಏನೂ ತೊಂದರೆಯಿಲ್ಲ ಅಂದ.

ಮೋನಿಯ ಮನೆಯ ಎದುರಿನ ಮನೆ ಪಂಚಾಕ್ಷರಯ್ಯನವರದು. ಸರ್ಕಾರಿ ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ನನ್ನ ಹೊಗೆ ಅವರ ಜಗಲಿಗೆ ನೇರ ಹೋಗುತ್ತಿತ್ತು. ಅವರ ಹೆಂಡತಿಗೆ ಉಬ್ಬಸ. ಅವರೂ ಜಯದೇವರೂ ಸೇರಿ ಶಾಲೆಗೆ ಮತ್ತು ಟ್ರಾಫಿಕ್ ಪೊಲೀಸರಿಗೆ ದೂರು ಕೊಡುವುದೆಂದು ಮಾತಾಡಿಕೊಂಡರು.

"ಬರೀ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಪುರಾವೆ ಬೇಕು," ಎಂದರು ಜಯದೇವ.

"ಅದು ನನಗೆ ಬಿಡ್ರಿ. ಬಸ್ಸಲ್ಲಿ ಬರೀತಿದ್ದ ಹಾಗೆ ಟ್ರಿಪ್ ಶೀಟ್ ಹಾಕ್ತೀನಿ, ಬಂದ ಹೊತ್ತು, ಬಿಟ್ಟ ಹೊತ್ತು ಎಲ್ಲ," ಎಂದರು ಪಂಚಾಕ್ಷರಯ್ಯ.

ಮರುದಿನದಿಂದ ಅವರು ಗೆರೆ ಎಳೆದ ಹಾಳೆ, ಪೆನ್ನು, ಕೈಗಡಿಯಾರ ಹಿಡಿದು ನನಗಾಗಿ ಕಾಯತೊಡಗಿದರು. ನಾನು ನಿಂತ ಕೂಡಲೇ ಒಂದು ಬರೆಯುವರು. ಹೊರಟ ಕೂಡಲೇ ಇನ್ನೊಂದು. ಬೈಯುವವರಿಗಿಂತ ಸುಮ್ಮನೆ ಬರೆದುಕೊಳ್ಳುವವರನ್ನು ಕಂಡರೆ ನನಗೆ ಹೆಚ್ಚು ಭಯ. ಏನು ಬರೆದರು ಎಂದು ಗೊತ್ತಾಗುವುದಿಲ್ಲವಲ್ಲ.

ಹದಿನೆಂಟನೇ ತಾರೀಕು, ಗುರುವಾರ. ಇನಾಯತ್ ಮಗಳ ನಿಶ್ಚಿತಾರ್ಥಕ್ಕೆಂದು ಶಿರಾಕ್ಕೆ ಹೋಗಿದ್ದ. ಅವನ ಬದಲಿಗೆ ಚಿಕ್ಕಣ್ಣ ಎನ್ನುವವನು ಬಂದಿದ್ದ. ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿದ್ದವನು, ಪಾಪದ ಮನುಷ್ಯ. ಗಾಜು ತಟ್ಟುವ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ದಿನವೂ ಮಾಡುವುದನ್ನು ಯಾರು ತಾನೇ ಹೇಳಿಕೊಡುತ್ತಾರೆ?

ಹತ್ತು ನಿಮಿಷ ತಡವಾಗಿ ಬಂದೆವು. ಜಯದೇವ ಆ ತಿಂಗಳು ಆಗಲೇ ಎರಡು ಸಲ ತಡವಾಗಿದ್ದರು. ರ‍್ಯಾಂಪ್ ಬಿಚ್ಚುವಷ್ಟರಲ್ಲೇ ಅವರ ಕಾರು ಬಂದು ನಿಂತಿತು. ವಿನುತಾ ಕೆಳಗಿನಿಂದ ಕುರ್ಚಿ ತಳ್ಳುತ್ತಿದ್ದಳು, ಸಾಕಮ್ಮ ಮೇಲಿನಿಂದ ಎಳೆಯುತ್ತಿದ್ದರು. ಕುರ್ಚಿ ರ‍್ಯಾಂಪಿನ ಅರ್ಧಕ್ಕೆ ಬಂದಿತ್ತು. ಆಗ ಹಾರ್ನು ಬಡಿಯಿತು, ಬಿಡದೆ, ಉದ್ದಕ್ಕೆ. ಮೋನಿಯ ಕಾಲು ಚಾಚಿ ರ‍್ಯಾಂಪಿನ ಮಡಿಕೆಯ ಸಂದಿಗೆ ಸಿಕ್ಕಿಕೊಂಡಿತು. ಅವಳ ಬಾಯಿ ತೆರೆದಿತ್ತಂತೆ, ದನಿ ಬರುತ್ತಿರಲಿಲ್ಲ. ಆ ಭಾರವೆಲ್ಲ ನನ್ನ ಕಬ್ಬಿಣಕ್ಕೆ ಗೊತ್ತಾಗುತ್ತಿತ್ತು. ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ.

"ಆಯ್ತಾ ಇಲ್ವಾ?" ಎಂದು ಜಯದೇವ ಕಾರಿನಿಂದ ಕೂಗಿದರು.

ಸಾಕಮ್ಮನ ಕಿವಿಗೆ ಅದು ಬಿದ್ದಿರಲೇ ಇಲ್ಲ. ಅವರು ಮಗುವಿನ ಮುಖದ ಹತ್ತಿರ ಮುಖ ತಂದು, ಕೆನ್ನೆ ಸವರಿ, "ಆಯ್ತು ಕಂದ, ಆಯ್ತು, ಆಯ್ತಾಯ್ತು," ಅನ್ನುತ್ತಿದ್ದರು. ಅಳುವ ಮಕ್ಕಳಿಗೆ ನಾವೆಲ್ಲ ಹೇಳುವುದು ಅದನ್ನೇ ಅಲ್ಲವೇ? ಏನೂ ಆಗಿರುವುದಿಲ್ಲ. ಮುಗಿದಿರುವುದಿಲ್ಲ. ಆದರೂ ಆಯ್ತು ಅನ್ನುತ್ತೇವೆ.

ಪಂಚಾಕ್ಷರಯ್ಯ ಹಾಳೆ ಹಿಡಿದು ನನ್ನ ಮುಂಬಾಗಿಲ ಹತ್ತಿರ ನಿಂತಿದ್ದರು. ಅಲ್ಲಿಂದ ರ‍್ಯಾಂಪ್ ಕಾಣುವುದಿಲ್ಲ. ಅವರಿಗೆ ಕೇಳಿಸಿದ್ದು ಒಂದು ಪ್ರಶ್ನೆ, ಒಂದು ಉತ್ತರ. ಆಯ್ತಾ? ಆಯ್ತು. ಅವರ ಕೈ ತಾನಾಗಿ ಮೇಲೆ ಹೋಗಿ ನನ್ನ ಪಕ್ಕೆಗೆ ಎರಡು ಸಲ ಬಡಿಯಿತು. ಮೂವತ್ತನಾಲ್ಕು ವರ್ಷದ ದನಿ ತಾನಾಗಿ ಹೊರಬಂತು.

"ರೈಟ್!"

ಚಿಕ್ಕಣ್ಣ ಕ್ಲಚ್ಚಿನಿಂದ ಕಾಲು ತೆಗೆದ.

ನಿಲ್ಲಬೇಕು ಎಂದುಕೊಂಡೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಏನನ್ನೂ ಅಂದುಕೊಂಡಿರಲಿಲ್ಲ. ಆದರೆ ನಿಲ್ಲುವುದು ನನ್ನ ಕೈಯಲ್ಲಿಲ್ಲ. ನಾನು ಮುಂದೆ ನೆಗೆದೆ. ಒಂದು ಮಾರು ಅಷ್ಟೇ. ರ‍್ಯಾಂಪಿನ ತುದಿ ರಸ್ತೆಗೆ ಉಜ್ಜಿ ಕಿರ್ ಎಂದಿತು. ಸಾಕಮ್ಮನ ಕೈ ಜಾರಿತು. ಕುರ್ಚಿ ಹಿಂದಕ್ಕೆ ಉರುಳಿತು. ಹಿಂದೆ ಇದ್ದದ್ದು ವಿನುತಾ. ವಿನುತಾಳ ಹಿಂದೆ ಇದ್ದದ್ದು ಕಾರಿನ ಬಂಪರ್.

ಅಷ್ಟು ದಿನ ಬಡಿಯುತ್ತಿದ್ದ ಹಾರ್ನು ಆಗ ನಿಂತಿತು.

ಎಡಗನ್ನಡಿಯಲ್ಲಿ ಒಂದು ಚಪ್ಪಲಿ ಮಾತ್ರ ಕಾಣುತ್ತಿತ್ತು. ವಿನುತಾಳದು. ಅದರಲ್ಲಿ ಕಾಲು ಇರಲಿಲ್ಲ. ಎಷ್ಟು ಹೊತ್ತು ಹಾಗೇ ನೋಡಿದೆನೋ. ಮೊಟ್ಟೆ ಒಡೆದಾಗ ಆದದ್ದು ಭಯವೇ ಅಲ್ಲ ಎಂದು ಆಗ ತಿಳಿಯಿತು.

ಜಯದೇವ ಬಾಗಿಲು ತೆರೆದು ಬಿದ್ದಂತೆ ಇಳಿದು ಕುರ್ಚಿ ಎತ್ತಿದರು. ಮೋನಿ ಕುರ್ಚಿಯ ಪಟ್ಟಿಯಲ್ಲೇ ಸಿಕ್ಕಿಕೊಂಡು ಉಳಿದಿದ್ದಳು. ಕಾಲು ಸಂದಿಯಿಂದ ಬಿಡಿಸಿಕೊಂಡಿತ್ತು, ಗಾಯವಿಲ್ಲ. ಮಗಳ ತಲೆ ಬಂಪರಿಗೆ ತಾಗದಂತೆ ನಡುವೆ ಕೈ ಇಟ್ಟಿದ್ದ ವಿನುತಾಳ ಬಲಗೈಯ ಮಣಿಕಟ್ಟು ಮುರಿದಿತ್ತು. ಕತ್ತರಿ ಹಿಡಿಯುವ ಕೈ.

"ಆಯ್ತು ಅಂದ್ರಲ್ಲಮ್ಮ... ಆಯ್ತು ಅಂದ್ರಿ..." ಎಂದು ಪಂಚಾಕ್ಷರಯ್ಯ ಮತ್ತೆ ಮತ್ತೆ ಅನ್ನುತ್ತಿದ್ದರು.

"ಮಗಿಗೆ ಅಂದೆ ಕಣಪ್ಪೋ! ಮಗಿಗೆ ಅಂದೆ!" ಎಂದು ಸಾಕಮ್ಮ ಎದೆ ಬಡಿದುಕೊಂಡರು.

ಆಸ್ಪತ್ರೆಗೆ ಕರೆದೊಯ್ಯಲು ನನ್ನ ಬಾಗಿಲು ತೆರೆದರು. ನನ್ನನ್ನು ನೋಡಿದ್ದೇ ಮೋನಿ ಮತ್ತೆ ಕಟ್ಟಿಗೆಯಾದಳು. ಹಾರ್ನು ಇರಲಿಲ್ಲ. ಇದ್ದವನು ನಾನೊಬ್ಬನೇ. ಕೊನೆಗೆ ಎಲ್ಲರೂ ಜಯದೇವರ ಕಾರಿನಲ್ಲೇ ಹೋದರು.

ಆಮೇಲೆ ನಾಲ್ಕನೇ ಅಡ್ಡರಸ್ತೆಗೆ ನನ್ನನ್ನು ಕಳಿಸಲಿಲ್ಲ. ಇನಾಯತ್ ಬಂದ ಮೇಲೂ ಆ ತಿರುವನ್ನು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದೆವು. ಮೋನಿ ಮನೆಯಲ್ಲಿ ಮಲಗಿಕೊಂಡೇ ಇರುತ್ತಾಳೆ, ಹಲಗೆ ಮುಂದಿಟ್ಟರೆ ಮುಖ ತಿರುಗಿಸುತ್ತಾಳೆ, ಬೀದಿಯಲ್ಲಿ ಯಾವ ಗಾಡಿ ಹೋದರೂ ಬಿಗಿಯಾಗುತ್ತಾಳೆ ಎಂದು ಸಾಕಮ್ಮ ಹೇಳಿದರು. ಹೀಗೇ ಬಿಟ್ಟರೆ ಕಲಿತದ್ದು ಅಳಿಸಿಹೋಗುತ್ತದೆ ಎಂದು ಟೀಚರು ಹೇಳಿದರಂತೆ. ಶಾಲೆಯ ಕಮಿಟಿ ಮಾತ್ರ, ರಸ್ತೆಯವರು ಒಪ್ಪಿದರೆ ಗಾಡಿ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟಿತು. ಅದೇ ವಾರ ಜಯದೇವರ ದೂರಿನ ಪತ್ರವೂ ಬಂತು. 'ಮಗುವಿನ ಸುರಕ್ಷತೆಯ ದೃಷ್ಟಿಯಿಂದ' ವ್ಯಾನು ರಸ್ತೆಯೊಳಗೆ ಬರಬಾರದು ಎಂದು ಅದರಲ್ಲಿತ್ತು. ಮೊದಲು ಜಗಳ ಮಗುವಿನ ವಿರುದ್ಧ ಇತ್ತು. ಈಗ ಮಗುವಿನ ಹೆಸರಿನಲ್ಲೇ ಇತ್ತು. ನನಗೆ ಇದು ಇನ್ನೂ ಭಯಂಕರವಾಗಿ ಕಂಡಿತು.

ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಮುಖ್ಯಸ್ಥೆ ಗ್ರೇಸಿ ಮೇಡಂ ಮಾತಾಡಲು ಹೊರಟರು. ಇನಾಯತ್ ನನ್ನನ್ನು ರಸ್ತೆಯ ಬಾಯಲ್ಲಿ ಮೂತಿ ಒಳಗೆ ಮಾಡಿ ನಿಲ್ಲಿಸಿದ. ಎರಡು ವರ್ಷ ದಿನವೂ ಹೋಗಿಬಂದ ರಸ್ತೆಯನ್ನು ನಾನು ಕಣ್ಣೆದುರಿಗೆ ನೋಡಿದ್ದು ಅದೇ ಮೊದಲು. ಇಷ್ಟೇ ಇಷ್ಟು ಪುಟ್ಟ ರಸ್ತೆ. ಬಟ್ಟೆ ಒಣಹಾಕಿದ್ದರು. ಒಂದು ಮನೆಯ ಮುಂದೆ ರಂಗೋಲಿ. ಹೆದರಿಸುವಂಥದ್ದು ಏನೂ ಕಾಣಲಿಲ್ಲ. ಆದರೂ ಹೆದರಿದೆ.

ವಿನುತಾಳ ಗೇಟಿನ ಮುಂದೆ ಎಂಟು ಹತ್ತು ಜನ ಸೇರಿದರು.

"ಮೇಡಂ, ನಾವೇನು ಮಗುವಿಗೆ ಶತ್ರುಗಳಲ್ಲ. ಗಾಡಿ ಮೇನ್ ರೋಡಲ್ಲಿ ನಿಲ್ಲಲಿ. ಇವರು ಅಲ್ಲೀತನಕ ಕರ್ಕೊಂಡು ಬರಲಿ, ಅಷ್ಟೇ," ಎಂದರು ಜಯದೇವ.

"ಅಲ್ಲೀತನಕ ಚರಂಡಿ ಕಲ್ಲು ಮೂರು ಕಡೆ ಕುಸಿದಿದೆ ಅಣ್ಣ," ಎಂದಳು ವಿನುತಾ. ಪ್ಲಾಸ್ಟರ್ ಹಾಕಿದ ಕೈ ತೋರಿಸಿದಳು. "ಈ ಕೈಯಲ್ಲಿ ತಳ್ಳಲಾ? ನೀವು ಬೇಡ ಅಂದ್ರೆ ನಾಳೆಯಿಂದ ಸ್ಕೂಲ್ ಬಿಡಿಸ್ತೀನಿ. ಬೇರೆ ಏನ್ ಮಾಡ್ಲಿ, ಹೇಳಿ."



"ಪಂಚಾಕ್ಷರಯ್ಯನವರೇ, ನಿಮ್ಮ ಶೀಟು ಓದಿ. ಎಷ್ಟು ಹೊತ್ತು ಅಡ್ಡ ನಿಲ್ತಾರೆ ಅಂತ ಮೇಡಂಗೆ ಗೊತ್ತಾಗಲಿ," ಎಂದರು ಜಯದೇವ.

ಪಂಚಾಕ್ಷರಯ್ಯ ಕನ್ನಡಕ ಹಾಕಿಕೊಂಡರು. ಹಾಳೆ ಬಿಚ್ಚಿದರು.

"ಎರಡನೇ ತಾರೀಕು. ಬಂದದ್ದು ಎಂಟು ಹತ್ತು, ಬಿಟ್ಟದ್ದು ಎಂಟು ಇಪ್ಪತ್ತೊಂದು. ಹನ್ನೊಂದು ನಿಮಿಷ. ರಿಮಾರ್ಕ್ಸ್, ಹಾರ್ನ್. ಮಗು ಬಿಗಿ." ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು. "ಮೂರನೇ ತಾರೀಕು. ಜಯದೇವ್ ರಜೆ. ನಾಲ್ಕು ನಿಮಿಷ. ರಿಮಾರ್ಕ್ಸ್ ಇಲ್ಲ. ನಾಲ್ಕನೇ ತಾರೀಕು. ಹಾರ್ನ್ ಎರಡು ಸಲ, ಮಗು ಬಿಗಿ. ಒಂಬತ್ತು ನಿಮಿಷ. ಐದನೇ ತಾರೀಕು. ಜಯದೇವ್ ಬೇಗ ಹೋದರು. ನಾಲ್ಕು ನಿಮಿಷ..."

"ರಿಮಾರ್ಕ್ಸ್ ಯಾಕ್ರೀ ಬರೆಯೋಕೆ ಹೋದ್ರಿ?" ಜಯದೇವರ ದನಿ ಇಳಿದಿತ್ತು.

"ಕಾರಣ ಹಾಕದೆ ಲೇಟು ಬರೆದ್ರೆ ಡಿಪೋದಲ್ಲಿ ತಗೊಳ್ತಿರಲಿಲ್ಲ ಜಯದೇವ್. ಅಭ್ಯಾಸ. ಬರೀವಾಗ ನನಗೂ ತಲೆಗೆ ಹೋಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕೂತು ಓದಿದೆ." ಅವರು ಹಾಳೆ ತಿರುಗಿಸಿದರು. "ಇನ್ನೊಂದಿದೆ. ಹದಿನೆಂಟನೇ ತಾರೀಕು. ರಿಮಾರ್ಕ್ಸ್... ಕಂಡಕ್ಟರ್ ಹಿಂದೆ ನೋಡದೆ ರೈಟ್ ಕೊಟ್ಟ." ಕನ್ನಡಕ ತೆಗೆದರು. "ಮೂವತ್ನಾಲ್ಕು ವರ್ಷ ತಪ್ಪು ಮಾಡಿದೆ ಅಂತ ಒಂದು ಮೆಮೊ ಇಲ್ಲ ನನ್ನ ಮೇಲೆ. ವಿನುತಮ್ಮ, ಇದನ್ನ ನನಗೆ ನಾನೇ ಕೊಟ್ಕೊಂಡಿದೀನಿ."

ವಿನುತಾ ಗೋಡೆ ನೋಡುತ್ತಿದ್ದಳು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಅವಳು ಹೇಳದೇ ಇದ್ದದ್ದು ನನಗೆ ಸರಿ ಎನ್ನಿಸಿತು.

"ಹಾರ್ನ್ ಹೊಡೆದ್ರೇ ಲೇಟಾಗುತ್ತೆ ಅಂತ ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದರು ಜಯದೇವ.

"ಎಲ್ಲಿ ಹೇಳಾನ ಸಾರ್?" ಎಂದರು ಸಾಕಮ್ಮ. "ನಿಮ್ ಹಾರ್ನಿನ ಸಂದೀಲಾ?"

ಯಾರೋ ನಕ್ಕು ತಕ್ಷಣ ಕೆಮ್ಮಿದರು. ಜಯದೇವ ಕೀ ಗೊಂಚಲನ್ನು ಬೆರಳಲ್ಲಿ ತಿರುಗಿಸಿದರು. ಕೊನೆಗೆ "ನೋಡೋಣ," ಎಂದು ಹೇಳಿ ಮನೆಗೆ ಹೋದರು. ನೋಡೋಣ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಒಂದು ವಾರ ನೋಡಿ ಆಮೇಲೆ ತೀರ್ಮಾನ ಎಂದರು ಗ್ರೇಸಿ ಮೇಡಂ.

ಸೋಮವಾರ ಎಂಟು ಹತ್ತಕ್ಕೆ ಹಿಮ್ಮುಖವಾಗಿ ಒಳಗೆ ಹೋದೆ. ಪಂಚಾಕ್ಷರಯ್ಯ ಈ ಸಲ ಹಾಳೆ ಹಿಡಿದಿರಲಿಲ್ಲ. ರ‍್ಯಾಂಪಿನ ಪಕ್ಕದಲ್ಲೇ, ಎಲ್ಲ ಕಾಣುವಂತೆ ನಿಂತರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ವಿನುತಾಳ ಬದಲು ಇನಾಯತ್ ಕೆಳಗಿನಿಂದ ಕುರ್ಚಿ ತಳ್ಳಿದ. ರ‍್ಯಾಂಪ್ ಕಂಡದ್ದೇ ಮೋನಿ "ಉಹ್ಞೂ" ಅಂದಳು. ಮೈ ಬಿಗಿಯಾಯಿತು.

ಬೂದು ಕಾರು ಬಂತು. ಎರಡು ಮನೆಗಳಷ್ಟು ದೂರದಲ್ಲಿ ನಿಂತಿತು. ಎಂಜಿನ್ ಆಫ್ ಆಯಿತು.

ಹಾರ್ನು ಬರಲಿಲ್ಲ. ಆದರೂ ಮೋನಿ ಸಡಿಲವಾಗಲಿಲ್ಲ. ಬರುತ್ತದೆ ಎಂದು ಕಾಯುವ ಮೈ ಅದು. ನನಗೂ ಹಾಗೇ. ಸದ್ದಿಗಿಂತ ಆ ನಿಶ್ಶಬ್ದಕ್ಕೇ ಹೆಚ್ಚು ನಡುಗಿದೆ. ಮೂರು ನಿಮಿಷವಾಯಿತು. ಐದು. ಬಲಗನ್ನಡಿಯಲ್ಲಿ ಜಯದೇವ ಕಾಣುತ್ತಿದ್ದರು. ಗಡಿಯಾರ ನೋಡಿದರು. ಹೆಬ್ಬೆರಳು ಹಾರ್ನಿನ ಮೇಲಿತ್ತು. ಒತ್ತಿರಲಿಲ್ಲ, ಇಟ್ಟಿದ್ದರು. ತೆಗೆದರು. ಮತ್ತೆ ಅಲ್ಲಿಗೇ ಹೋಯಿತು. ಆಗ ಅವರು ಥಟ್ಟನೆ ಬಾಗಿಲು ತೆರೆದು ಕೆಳಗಿಳಿದರು. ನಾನು ಸತ್ತೆ ಅಂದುಕೊಂಡೆ, ಈಗ ಜಗಳ. ಅವರು ಈ ಕಡೆ ಬರಲಿಲ್ಲ. ಕಾರಿನಿಂದ ಹತ್ತು ಹೆಜ್ಜೆ ದೂರ ಹೋಗಿ, ಒಂದು ಮನೆಯ ಕಾಂಪೌಂಡಿಗೆ ಒರಗಿ, ಕೈ ಕಟ್ಟಿ ನಿಂತುಬಿಟ್ಟರು. ತನ್ನ ಕೈ ತನ್ನ ಮಾತು ಕೇಳುವುದಿಲ್ಲವೆಂದು ಅವರಿಗೇ ಭಯವಾಗಿರಬೇಕು. ಹೆದರುವವನು ನಾನೊಬ್ಬನೇ ಅಲ್ಲ ಎಂದು ಅವತ್ತು ಗೊತ್ತಾಯಿತು.

ಹದಿಮೂರು ನಿಮಿಷ ಹಿಡಿಯಿತು. ಅಷ್ಟು ಹೊತ್ತು ನಾವು ಯಾವತ್ತೂ ಅಡ್ಡ ನಿಂತಿರಲಿಲ್ಲ. ಒಂದೊಂದೇ ಬೆರಳು ಬಿಚ್ಚಿದ ಹಾಗೆ ಮೋನಿಯ ಕಾಲು ಸಡಿಲವಾಯಿತು. ಕುರ್ಚಿಯ ಭಾರ ನನ್ನೊಳಗೆ ಬಂತು. ಸಾಕಮ್ಮ ಒಳಗಿನಿಂದ ಗಾಜಿಗೆ ಎರಡು ಸಲ ತಟ್ಟಿದರು.

ಆ ತಿಂಗಳು ಜಯದೇವರ ಅರ್ಧ ದಿನದ ರಜೆ ಹೋಯಿತಂತೆ. ಅವರ ಹೆಂಡತಿ ಕುಸುಮ ಸಾಕಮ್ಮನ ಹತ್ತಿರ ಹೇಳಿ ಗೊಣಗಿದಳು. ಜಯದೇವ ಕ್ಷಮೆ ಕೇಳಲಿಲ್ಲ, ಮಾತಾಡಿಸಲೂ ಇಲ್ಲ. ಆದರೆ ನಾನು ಬರುವ ಮೊದಲೇ, ಹತ್ತು ನಿಮಿಷ ಬೇಗ ಹೊರಡತೊಡಗಿದರು. ಎಲ್ಲ ಸರಿಹೋಯಿತು ಎಂದಲ್ಲ. ಯಾರದೋ ನೆಂಟರ ಕಾರು, ಕೊರಿಯರ್ ಬೈಕು, ಗ್ಯಾಸ್ ಗಾಡಿ ಬಂದು ಹಾರ್ನು ಹೊಡೆಯುತ್ತಿದ್ದವು. ಅಡ್ಡಗಾಡಿ ಎನ್ನುವ ಹೆಸರೂ ಹೋಗಲಿಲ್ಲ. ವಿನುತಾಳ ಕೈ ಕೂಡಿಕೊಂಡರೂ ಸಣ್ಣ ಹೊಲಿಗೆ ಹಾಕುವಾಗ ನೋಯುತ್ತಿತ್ತು. ಆದರೆ ಮೋನಿ ಶಾಲೆ ತಪ್ಪಿಸಲಿಲ್ಲ. ಹಲಗೆಯ ಮೇಲೆ ಚಿತ್ರ ಹೋಗಿ ಅಕ್ಷರ ಬಂದವು. ಏಳು ವರ್ಷ ನಾನು ಆ ರಸ್ತೆಗೆ ಹಿಮ್ಮುಖವಾಗಿ ಹೋದೆ. ಏಳು ವರ್ಷವೂ ತಿರುವಿನಲ್ಲಿ ನಡುಗಿದೆ.

ಈಗ ನನಗೆ ವಯಸ್ಸಾಗಿದೆ. ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾದೆ. ಹೊಸ ಗಾಡಿ ಬಂದಿದೆ. ಗುಜರಿಯವನು ಬಂದು ನನ್ನ ಸುತ್ತ ಒಂದು ಸುತ್ತು ಹಾಕಿ, ಚಕ್ರಕ್ಕೆ ಒದ್ದು ನೋಡಿದ. ಎರಡು ದಿನ ನನಗೆ ಪ್ರಾಣವೇ ಇರಲಿಲ್ಲ. ಗ್ರೇಸಿ ಮೇಡಂ ಕೊಡುವುದಿಲ್ಲ ಎಂದರು. ನನ್ನನ್ನು ಶಾಲೆಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು.

ಹೊಸದಾಗಿ ಸೇರುವ ಪುಟ್ಟ ಮಕ್ಕಳಿಗೆ ಗಾಡಿಯೆಂದರೆ, ಹಾರ್ನೆಂದರೆ ಭಯ. ರಸ್ತೆಗೆ ಹೋಗುವ ಮೊದಲು ಅವರನ್ನು ನನ್ನ ಹತ್ತಿರ ಕರೆತರುತ್ತಾರೆ. ರ‍್ಯಾಂಪ್ ಹತ್ತಿಸುತ್ತಾರೆ, ಇಳಿಸುತ್ತಾರೆ, ಹಾರ್ನಿನ ಸದ್ದನ್ನು ಮೆಲ್ಲಗೆ ಅಭ್ಯಾಸ ಮಾಡಿಸುತ್ತಾರೆ. ಇನಾಯತ್ ನನ್ನ ಹಾರ್ನಿನ ತಂತಿ ಎಳೆದು ಉದ್ದ ಮಾಡಿ, ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚೊಂದಕ್ಕೆ ಸೇರಿಸಿದ್ದಾನೆ. ಒಳಗೆ ಹಳೆಯ ಬಟ್ಟೆ ತುರುಕಿ ಸದ್ದನ್ನು ಸಣ್ಣದು ಮಾಡಿದ್ದಾನೆ. ಸ್ವಿಚ್ಚನ್ನು ಒಂದು ಗಾಲಿಕುರ್ಚಿಯ ಮುಂದಿನ ಹಲಗೆಗೆ ಕಟ್ಟಿದ್ದಾರೆ. ಆ ಕುರ್ಚಿಯಲ್ಲಿ ಕೂರುವವಳು ಮೋನಿ. ಈಗ ಅವಳಿಗೆ ಹದಿನೆಂಟು.

ಮೊದಲ ದಿನ ಮುಷ್ಟಿ ಊರಿ ಒತ್ತಿದವಳು ತಾನು ಮಾಡಿದ ಸದ್ದಿಗೆ ತಾನೇ ಬೆಚ್ಚಿ ಬಿಲ್ಲಾದಳು. ಸಾಕಮ್ಮ ಓಡಿಬಂದರು. ಅವಳು "ಉಹ್ಞೂ" ಎಂದು ಅವರನ್ನು ದೂರ ನಿಲ್ಲಿಸಿ, ಮೈ ತಾನಾಗಿ ಇಳಿಯುವ ತನಕ ಕೂತು, ಮತ್ತೆ ಒತ್ತಿದಳು. ಅವಳ ಭಯ ಹೋಗಿಲ್ಲ. ನನ್ನದೂ ಹೋಗಿಲ್ಲ. ಇಷ್ಟು ವರ್ಷ ಜೊತೆಗಿದ್ದು ಈಗ ಯಾಕೆ ಬಿಟ್ಟುಹೋದೀತು?

ಇವತ್ತು ಬೆಳಿಗ್ಗೆ ಐದು ವರ್ಷದ ಹೊಸ ಹುಡುಗಿಯೊಬ್ಬಳು ನನ್ನ ರ‍್ಯಾಂಪಿನ ಮೇಲಿದ್ದಾಳೆ. ಕಾಲು ಚಾಚಿ ಬಿಗಿಯಾಗಿವೆ. ಮೋನಿ ಎದುರಿಗೆ ಕೂತು ಅವಳ ಪಾದವನ್ನೇ ನೋಡುತ್ತಿದ್ದಾಳೆ. ಮುಷ್ಟಿ ಸ್ವಿಚ್ಚಿನ ಹತ್ತಿರವಿದೆ, ಮೇಲಿಲ್ಲ. ಟೀಚರು "ಒತ್ತು ಮೋನಿ," ಅಂದರೂ ಅವಳು ಒತ್ತುತ್ತಿಲ್ಲ. ಪುಟ್ಟ ಪಾದ ಸ್ವಲ್ಪ ಇಳಿಯುತ್ತದೆ. ಇನ್ನೂ ಸ್ವಲ್ಪ. ಕುರ್ಚಿಯ ಹಲಗೆಗೆ ಹಿಮ್ಮಡಿ ತಾಗುತ್ತದೆ. ಮೋನಿ ಆಗ ಒತ್ತುತ್ತಾಳೆ, ಒಂದೇ ಸಲ, ಮೆಲ್ಲಗೆ.

ನನ್ನ ಆಯಸ್ಸಿನಲ್ಲಿ ಯಾರಾದರೂ ಹಾರ್ನು ಹೊಡೆಯಲು ಇಷ್ಟು ಹೊತ್ತು ಕಾದದ್ದು ಇದೇ ಮೊದಲು.